ಮಾಮನ ಕಾಲಿಗೆ ಮಾತ್ರ ಬಗ್ಗುತ್ತಿದ್ದ ಗಾಡಿ

ಮನೆಗೊಂದೇ ಮೊಬೈಲು ಇದ್ದ ಕಾಲ ಅದು. ಅದೂ ಅಪ್ಪನ ಅಂಗಿಯ ಕಿಸೆಯಲ್ಲಿರುತ್ತಿತ್ತು. ಅದು ಕೂಗಿದರೆ ಅಜ್ಜಿ ಕೂಡ ಜಪ ನಿಲ್ಲಿಸಿ ಯಾರದು ಎಂದು ಕೇಳುತ್ತಿದ್ದಳು. ದಾವಣಗೆರೆಯ ಸುತ್ತ ಹೊಸ ಬಡಾವಣೆಗಳು ಏಳುತ್ತಿದ್ದವು. ಮನೆ ಕಟ್ಟಿಸಿದವರಿಗೆಲ್ಲ ಮುಂದುಗಡೆ ಒಂದು ಚೂರು ಹುಲ್ಲುಹಾಸು, ಗೇಟಿನ ಎರಡೂ ಕಡೆ ಒಂದೊಂದು ಅಲಂಕಾರದ ಗಿಡ ಬೇಕೇ ಬೇಕು ಅನ್ನುವ ಹುಚ್ಚು ಹಿಡಿದಿತ್ತು. ಆ ಹುಚ್ಚಿನಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿತ್ತು.

ನಾವಿದ್ದದ್ದು ಕೆ.ಬಿ. ಬಡಾವಣೆಯಲ್ಲಿ. ಅಪ್ಪನ ಸಸಿತೋಟ ಊರಾಚೆ, ಲೋಕಿಕೆರೆಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು. ಬೇಸಿಗೆ ರಜೆ ಬಂತೆಂದರೆ ನಾನು ಬೆಳಗಿನ ರೊಟ್ಟಿ ತಿಂದವಳೇ ಅಲ್ಲಿಗೆ ಹೋಗಿಬಿಡುತ್ತಿದ್ದೆ. ಬೇವಿನ ಹಿಂಡಿಯ ಕಹಿ ವಾಸನೆ, ಆಗತಾನೆ ನೀರು ಬಿದ್ದ ಕೆಮ್ಮಣ್ಣು, ಹಸಿರು ಪರದೆಯ ಕೆಳಗಿನ ತಂಪು. ಒಡೆದ ಕುಂಡದ ಚೂರಿನಿಂದ ಕುಂಟೆಬಿಲ್ಲೆ ಆಡುತ್ತಿದ್ದೆ. ಜೊತೆಗೆ ಯಾರೂ ಇಲ್ಲದಿದ್ದರೆ ನನ್ನ ವಿರುದ್ಧ ನಾನೇ ಆಡಿ ನಾನೇ ಮೋಸ ಮಾಡುತ್ತಿದ್ದೆ. ತೋಟದ ಕೆಲಸದ ಹನುಮಕ್ಕ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅವಳ ಶೇಂಗಾ ಚಟ್ನಿಗೆ ನನ್ನ ಕೈ ಮೊದಲು ಹೋಗುತ್ತಿತ್ತು.

ತೋಟದ ಜೀವ ಅಂದರೆ ಪರಮೇಶಿ ಮಾಮ. ಅವ್ವನ ಒಬ್ಬನೇ ತಮ್ಮ. ಹರಿಹರದ ಒಂದು ಕಾರ್ಖಾನೆಯಲ್ಲಿ, ಅದರ ಅತಿಥಿಗೃಹದ ತೋಟ ನೋಡಿಕೊಳ್ಳುವ ಕೆಲಸದಲ್ಲಿದ್ದ. ಕಾರ್ಖಾನೆ ಮುಚ್ಚಿತು. ಮದುವೆಯಾಗಿರಲಿಲ್ಲ, ಅಪ್ಪ ಅಮ್ಮ ಎಂದೋ ತೀರಿಹೋಗಿದ್ದರು. ಒಂದು ಟ್ರಂಕು, ಒಂದು ಬೀಗ ಹಾಕಿದ ಕಬ್ಬಿಣದ ಸಾಮಾನು ಪೆಟ್ಟಿಗೆ ಹೊತ್ತು ನಮ್ಮ ಮನೆಗೆ ಬಂದ. ಸಸಿತೋಟ ಮಾಡೋಣ ಎಂದು ಅಪ್ಪನ ತಲೆಗೆ ಹಾಕಿದವನೇ ಅವನು. ಕಾರ್ಖಾನೆಯ ಸಾಮಾನುಗಳು ಹರಾಜಿಗೆ ಬಂದಾಗ, ತಾನು ವರ್ಷಗಟ್ಟಲೆ ಓಡಿಸಿದ್ದ ಗಾರ್ಡನ್ ಟ್ರ್ಯಾಕ್ಟರನ್ನು ಅಪ್ಪನಿಗೆ ಕೊಡಿಸಿದವನೂ ಅವನೇ.

ಹೊಲ ಉಳುವ ಟ್ರ್ಯಾಕ್ಟರಿನ ಮರಿಯ ಹಾಗಿತ್ತು ಅದು. ವಿದೇಶದ್ದು. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿ ಒಳಗಿನ ತುಕ್ಕು ಕಾಣುತ್ತಿತ್ತು. ಹುಲ್ಲು ಕತ್ತರಿಸುತ್ತಿತ್ತು, ಹಿಂದೆ ಪುಟ್ಟ ಟ್ರಾಲಿ ಕಟ್ಟಿದರೆ ಕುಂಡ, ಗೊಬ್ಬರ ಎಲ್ಲ ಎಳೆಯುತ್ತಿತ್ತು. ಅದಕ್ಕೆ ಕ್ಲಚ್ಚಿಲ್ಲ, ಗೇರು ಬದಲಿಸುವ ಕೋಲಿಲ್ಲ. ಬಲಗಾಲಿನ ಕೆಳಗೆ ಒಂದು ಉದ್ದನೆಯ ಪೆಡಲ್. ಕಾಲ್ಬೆರಳಿಂದ ಒತ್ತಿದರೆ ಮುಂದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದೆ. ಎಷ್ಟು ಒತ್ತಿದರೆ ಅಷ್ಟು ವೇಗ. ಪೆಡಲಿನಿಂದ ಒಂದು ಸರಳು ಗಾಡಿಯ ಹೊಟ್ಟೆಯ ಕೆಳಗೆ ಹಾದು ಹಿಂದಿನ ಗೇರುಪೆಟ್ಟಿಗೆಗೆ ಹೋಗುತ್ತಿತ್ತು. ಅಪ್ಪ ಅದನ್ನು ಲಿಂಕೇಜ್ ಅನ್ನುತ್ತಿದ್ದ. ಆ ಬೇಸಿಗೆ ನಮ್ಮ ಮನೆಯಲ್ಲಿ ಆ ಮಾತು ಎಷ್ಟು ಸಲ ಬಂತೆಂದರೆ, ಕೊನೆಗೆ ಅಜ್ಜಿಯ ಬಾಯಲ್ಲಿ ಅದು 'ಲಿಂಕೀಸು' ಎಂದು ಉಳಿಯಿತು.

ಗಾಡಿಯ ಒಂದು ವಿಚಿತ್ರ ನಮಗೆಲ್ಲ ಗೊತ್ತಿತ್ತು. ಮಾಮ ಕೂತರೆ ಅದು ನೀರಿನ ಮೇಲೆ ತೆಪ್ಪ ಹೋದ ಹಾಗೆ ಹೋಗುತ್ತಿತ್ತು. ಟ್ರಾಲಿಯಲ್ಲಿ ತುಂಬಿದ ಬಿಂದಿಗೆ ಇಟ್ಟರೂ ತುಳುಕುತ್ತಿರಲಿಲ್ಲ. ಬೇರೆ ಯಾರು ಕೂತರೂ ಅದು ಮೊದಲು ಅಲುಗಾಡದೆ ನಿಲ್ಲುತ್ತಿತ್ತು. ಇನ್ನಷ್ಟು ಒತ್ತಿದರೂ ನಿಂತೇ ಇರುತ್ತಿತ್ತು. ಆಮೇಲೆ ಒಮ್ಮೆಲೇ ಹೋರಿ ನೆಗೆದಂತೆ ನೆಗೆಯುತ್ತಿತ್ತು. ಅಪ್ಪ ಕಲಿಯಲು ನೋಡಿ ಸಾಕಾಗಿ ಕೈಬಿಟ್ಟಿದ್ದ. ಲೋಕಿಕೆರೆಯಿಂದ ಒಬ್ಬ ಡ್ರೈವರನ್ನು ಇಡೋಣವೆಂದು ಅಪ್ಪ ಹೇಳಿದಾಗ ಮಾಮ, ಯಾಕೆ ಬೇಕು, ನಾನಿದ್ದೀನಲ್ಲ ಎಂದಿದ್ದ. ಆಗ ಅದು ಸರಿಯಾದ ಮಾತು ಅನಿಸಿತ್ತು. ಮುಂದೆ ಅದೇ ಮಾತನ್ನು ಎಲ್ಲರೂ ತಿರುಗಿಸಿ ತಿರುಗಿಸಿ ನೋಡಿದರು.

ಅನುಮಾನದ ಬೀಜ ಮೊದಲು ಹಾಕಿದವಳು ಅಜ್ಜಿ. ಅವಳು ಅಪ್ಪನ ಅವ್ವ. ಮಗನ ಮನೆಯಲ್ಲಿ ಸೊಸೆಯ ತಮ್ಮ ಬಂದು ಇರುವುದು ಅವಳಿಗೆ ಒಳಗೊಳಗೇ ಹಿಡಿಸಿರಲಿಲ್ಲ. ಒಂದು ದಿನ ಅವರೆಕಾಯಿ ಸುಲಿಯುತ್ತಾ, ಯಾರಿಗೋ ಅಲ್ಲ ಎನ್ನುವಂತೆ ಹೇಳಿದಳು:

"ಒಂದು ಗಾಡಿ ಒಬ್ಬನ ಕಾಲಿಗೆ ಮಾತ್ರ ಬಗ್ತೈತೆ ಅಂದ್ರೆ ಅದ್ರಾಗೆ ಏನೋ ಐತೆ."

ಅಪ್ಪ ಸುಮ್ಮನೆ ಇರು ಎಂದ. ಆದರೆ ಅವತ್ತು ಅವನು ಉಣ್ಣುವುದು ನಿಧಾನವಾದದ್ದು ನನಗೆ ಕಂಡಿತು.

ಮೇ ತಿಂಗಳ ಕೊನೆ ಇರಬೇಕು. ಜೂನಿನ ಮಿರ್ಗಾ ಮಳೆಗೆ ಮೊದಲು ಗಿಡ ನೆಡುವವರ ಅವಸರ. ದೇವರಾಜ ಅರಸು ಬಡಾವಣೆಯ ಒಂದು ಗೃಹಪ್ರವೇಶಕ್ಕೆ ದೊಡ್ಡ ಕುಂಡಗಳಲ್ಲಿ ಬೆಳೆದ ಅಲಂಕಾರದ ತಾಳೆಗಳು ಬೇಕಾಗಿದ್ದವು. ಟೆಂಪೋ ಬಂದು ರಸ್ತೆಯಲ್ಲಿ ಹಾರ್ನು ಹಾಕುತ್ತಿತ್ತು. ಮಾಮ ಇರಲಿಲ್ಲ. ಹರಿಹರದಲ್ಲಿ ಹಳೆಯ ಗೆಳೆಯನೊಬ್ಬನ ಮಗಳ ನಿಶ್ಚಿತಾರ್ಥವೆಂದು ಬೆಳಿಗ್ಗೆಯೇ ಬಸ್ಸು ಹತ್ತಿದ್ದ. ಅಪ್ಪ ಸ್ವಲ್ಪ ಹೊತ್ತು ಕಾದ, ಆಮೇಲೆ ತಾನೇ ಗಾಡಿ ಹತ್ತಿದ. ಕುಂಡಗಳು ಉರುಳದಂತೆ ಹಿಡಿದುಕೊಳ್ಳಲು ಅವ್ವ ಟ್ರಾಲಿಯ ಮೇಲೆ ನಿಂತಳು.

ಅಪ್ಪ ಪೆಡಲ್ ಒತ್ತಿದ. ಗಾಡಿ ಗುರುಗುಟ್ಟಿತೇ ಹೊರತು ಚಲಿಸಲಿಲ್ಲ. ಇನ್ನೂ ಒತ್ತಿದ. ಮುಂದಿನದು ನನಗೆ ಸದ್ದಾಗಿ ನೆನಪಿದೆ, ಚಿತ್ರವಾಗಿ ಅಲ್ಲ. ಇಂಜಿನ್ನಿನ ಒಂದು ಅರಚಾಟ, ಮಣ್ಣಿನ ಕುಂಡಗಳು ಒಂದಕ್ಕೊಂದು ಬಡಿದು ಒಡೆದದ್ದು, ಆಮೇಲೆ ಅವ್ವನ ಸಣ್ಣ ದನಿ. ಅವಳು ಹಿಂದಕ್ಕೆ ಬಿದ್ದಿದ್ದಳು. ಬಲಗೈ ಕೆಳಗೆ ಸಿಕ್ಕಿತ್ತು. ಹನುಮಕ್ಕ ಓಡಿಬಂದು ಎತ್ತಿ ಕೂರಿಸಿದಾಗ ಅವ್ವನ ಮುಂಗೈ ಇರಬಾರದ ಕಡೆಗೆ ವಾಲಿತ್ತು. ಅಪ್ಪ ಸೀಟಿನಿಂದ ಇಳಿಯದೆ ತನ್ನ ಬಲಗಾಲನ್ನೇ ನೋಡುತ್ತಾ ಕೂತಿದ್ದ.

ಗಾಡಿ ಓಡಿಸಿದ್ದು ಅಪ್ಪ. ಇದನ್ನು ಆಮೇಲೆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಈಗ ನನಗೆ ಅನಿಸುತ್ತದೆ, ಆ ಕಾಲು ತನ್ನದಾಗಿರಬಾರದಿತ್ತು ಎಂಬ ಆಸೆಯಿಂದಲೇ ಅಪ್ಪ ಇನ್ನೊಬ್ಬನ ಕೈಯನ್ನು ಹುಡುಕತೊಡಗಿದ.

ಮಧ್ಯಾಹ್ನ ಮಾಮ ಬಂದ. ಆಸ್ಪತ್ರೆಗೆ ಹೋಗಿ ಅವ್ವನನ್ನು ನೋಡಿ, ಅಲ್ಲಿಂದ ಅಪ್ಪನ ಜೊತೆ ಸೀದಾ ತೋಟಕ್ಕೆ ಬಂದ. ನಾನು ಹನುಮಕ್ಕನ ಹತ್ತಿರವೇ ಇದ್ದೆ. ಮಾಮ ಗಾಡಿ ಹತ್ತಿ, ಒಡೆದ ಕುಂಡಗಳ ಸುತ್ತ ಒಂದು ಸುತ್ತು ಹೊಡೆದ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯಿತು. ಇಳಿದು ಬಂದು ಅಪ್ಪನಿಗೆ ಹೇಳಿದ:

"ಗಾಡಿಗೆ ಏನೂ ಆಗಿಲ್ಲ ಭಾವ. ಪೆಡಲ್ ಮೆಲ್ಲಕ ಒತ್ತಬೇಕಿತ್ತು."

ಅವನು ಸಮಾಧಾನಕ್ಕೆ ಹೇಳಿದ್ದೋ, ಬೇರೆ ಮಾತು ಹೊಳೆಯದೆ ಹೇಳಿದ್ದೋ. ಅಪ್ಪ ಒಡೆದ ಕುಂಡದ ಚೂರೊಂದನ್ನು ಕಾಲಿಂದ ಸರಿಸಿದ. ಆಗ ಹನುಮಕ್ಕ, ಕೇಡಿಲ್ಲದ ಮನಸ್ಸಿನಿಂದಲೇ, ನಿನ್ನೆ ಸಂಜೆಯೆಲ್ಲ ಪರಮೇಶಣ್ಣ ಗಾಡಿ ಕೆಳಗೇ ಮಲಗಿ ರಿಪೇರಿ ಮಾಡ್ತಿದ್ದನಲ್ಲ, ಆದರೂ ಹಿಂಗಾಯ್ತಲ್ಲ ಎಂದಳು. ಚಕ್ರಕ್ಕೆ ಗ್ರೀಸು ಹಚ್ಚುತ್ತಿದ್ದೆ ಎಂದ ಮಾಮ. ಅಪ್ಪ ಅವನ ಮುಖ ನೋಡಲಿಲ್ಲ, ಕೈ ನೋಡಿದ.

ಅವತ್ತಿನಿಂದ ಮನೆಯ ಗಾಳಿಯೇ ಬದಲಾಯಿತು. ಮಾಮ ಒಳಗೆ ಬಂದರೆ ಅಜ್ಜಿ ಮಾತು ನಿಲ್ಲಿಸುತ್ತಿದ್ದಳು. ಹೊರಗೆ ಹೋದರೆ ಅದೇ ಮಾತು ನಿಲ್ಲಿಸಿದ ಕಡೆಯಿಂದ ಮುಂದುವರಿಯುತ್ತಿತ್ತು. ತನಗೆ ಬಿಟ್ಟು ಬೇರೆಯವರಿಗೆ ಗಾಡಿ ಓಡಬಾರದು ಅಂತ ಒಳಗೆ ಏನೋ ಸಡಿಲ ಮಾಡಿ ಇಟ್ಟಿದ್ದಾನೆ. ಓಡಿಸೋವಾಗ ಯಾವುದೋ ಒಂದು ತಿರುಪು ಬಿಗಿ ಮಾಡ್ಕೊಂತಾನೆ, ಇಳಿಯೋವಾಗ ಬಿಡ್ತಾನೆ. ಇಲ್ಲದಿದ್ದರೆ ಸಾಮಾನು ಪೆಟ್ಟಿಗೆಗೆ ಬೀಗ ಯಾಕೆ? ಡ್ರೈವರ್ ಬ್ಯಾಡ ಅಂದದ್ದು ಯಾಕೆ? ಅವನ ಅಕ್ಕ ಬೀಳೋ ದಿನವೇ ಅವನು ಊರಲ್ಲಿ ಇರಲಿಲ್ಲವಲ್ಲ, ಅದು ಹೆಂಗೆ?

ಕೊನೆಯದು ಮಾತ್ರ ಅನ್ಯಾಯವೆಂದು ನನಗೂ ಅನಿಸಿತ್ತು. ಉಳಿದವು ನನ್ನ ತಲೆಯಲ್ಲೂ ಕೂತವು. ಮಾಮ ಗಾಡಿ ಹತ್ತುವಾಗ ನಾನು ದಾಸವಾಳದ ಸಾಲಿನ ಹಿಂದೆ ಕೂತು ಅವನ ಕೈ ಎಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದೆ. ಕೈ ಸ್ಟಿಯರಿಂಗಿನ ಮೇಲೆ ಬಿಟ್ಟು ಎಲ್ಲೂ ಹೋಗುತ್ತಿರಲಿಲ್ಲ. ಅದು ನನಗೆ ಸಮಾಧಾನ ಕೊಡುವ ಬದಲು, ಇವನು ಎಷ್ಟು ಜಾಣ ಎಂಬ ಭಯವನ್ನು ಇನ್ನಷ್ಟು ಹುಟ್ಟಿಸುತ್ತಿತ್ತು. ಅನುಮಾನ ಒಮ್ಮೆ ಹೊಕ್ಕರೆ ಏನೂ ಕಾಣದಿರುವುದೂ ಒಂದು ಸಾಕ್ಷಿಯೇ.

ಅದೇ ಮಾಮ ಆ ದಿನಗಳಲ್ಲಿ ನಮ್ಮ ಮನೆ ನಡೆಸುತ್ತಿದ್ದ. ಅವ್ವನ ಬಲಗೈಗೆ ಪ್ಲಾಸ್ಟರು. ಅಜ್ಜಿಗೆ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲು ಆಗುತ್ತಿರಲಿಲ್ಲ. ಮಾಮ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುತ್ತಿದ್ದ, ಮೊಳಕೆ ಹೆಸರುಕಾಳಿನ ಪಲ್ಯ ಮಾಡುತ್ತಿದ್ದ. ಸಂಜೆ ತೋಟದಿಂದ ಬರುತ್ತಾ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದ. ಅಜ್ಜಿ ಅದನ್ನು ತಿಂದೇ ಅವನನ್ನು ಬೈಯುತ್ತಿದ್ದಳು. ಸ್ಕೂಲು ಶುರುವಾದ ಮೇಲೆ ನನ್ನ ತಲೆ ಬಾಚಿ ಎರಡು ಜಡೆ ಹಾಕುವುದೂ ಅವನ ಪಾಲಿಗೆ ಬಂತು. ಹಿತ್ತಲಿನ ಮೆಟ್ಟಿಲ ಮೇಲೆ ನಾನು ಕೆಳಗೆ, ಅವನು ಮೇಲೆ. ಕೊಬ್ಬರಿ ಎಣ್ಣೆಯ ಜೊತೆ ಗ್ರೀಸಿನ ವಾಸನೆ. ಹುಲ್ಲಿನ ಹೊರೆ ಕಟ್ಟುವ ಹಾಗೆ ಬಿಗಿಯಾಗಿ ಹೆಣೆಯುತ್ತಿದ್ದ. ಕ್ಲಾಸಿನಲ್ಲಿ ಎಲ್ಲರೂ ಯಾರು ಹಾಕಿದ್ದು ಎಂದು ಕೇಳುತ್ತಿದ್ದರು.

ಹಾಗೆ ಒಂದು ಬೆಳಿಗ್ಗೆ ಒಂದು ಜಡೆ ಮುಗಿದು ಇನ್ನೊಂದು ಅರ್ಧಕ್ಕೆ ಬಂದಿತ್ತು. ಅವ್ವ ಒಳಗಿನಿಂದ ಬಂದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತಳು. ಎಡಗೈಯಿಂದ ಬಲಗೈಯನ್ನು ಎತ್ತಿಹಿಡಿದುಕೊಂಡಿದ್ದಳು. ಹಿಂದಿನ ದಿನ ಅಪ್ಪ, ಅಜ್ಜಿ ಇಬ್ಬರೂ ಅವಳೊಡನೆ ಬಹಳ ಹೊತ್ತು ಮಾತಾಡಿದ್ದು ನನಗೆ ಗೊತ್ತಿತ್ತು. ಅವಳು ನೆಲ ನೋಡುತ್ತಾ ಕೇಳಿದಳು:

"ಪರಮೇಶಿ, ನೀ ಆ ಗಾಡಿಗೆ ಏನಾರ ಮಾಡೀಯೇನು? ಮಾಡಿದ್ರೆ ನನ್ನ ಹತ್ರ ಹೇಳಿಬಿಡು."

ನನ್ನ ಕೂದಲಲ್ಲಿದ್ದ ಅವನ ಬೆರಳುಗಳು ನಿಂತವು. ನನಗೆ ಅವನ ಮುಖ ಕಾಣುತ್ತಿರಲಿಲ್ಲ, ಅವ್ವನ ಮುಖ ಕಾಣುತ್ತಿತ್ತು. ಅವಳು ಕಾಯುತ್ತಿದ್ದಳು. ಪಕ್ಕದ ಮನೆಯ ನಲ್ಲಿಯ ನೀರು ಕೊಡಕ್ಕೆ ಬೀಳುವುದು ಕೇಳುತ್ತಿತ್ತು. ಬೆರಳುಗಳು ಮತ್ತೆ ಚಲಿಸಿದವು. ಜಡೆಯನ್ನು ಕೊನೆಯವರೆಗೂ ಹೆಣೆದು, ರಿಬ್ಬನ್ನು ಕಟ್ಟಿ, ಮಾಮ ನನ್ನನ್ನು ಕೇಳಿದ:

"ಬಿಗಿ ಆತೇನು?"

ಇಲ್ಲ ಎಂದೆ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋದ. ಅವ್ವ ಇನ್ನೂ ಕಲ್ಲಿನ ಹತ್ತಿರವೇ ನಿಂತಿದ್ದಳು. ಮಾಮ ಉತ್ತರ ಕೊಡದಿದ್ದದ್ದು ಅಪ್ಪನಿಗೆ ತಿಳಿದಾಗ, ಅದೇ ಉತ್ತರ ಎಂದ.

ಮುಂದಿನ ಭಾನುವಾರ ಮಾಮ ಸಸಿಗಳ ಜೊತೆ ಒಂದು ಹಳ್ಳಿಯ ಶಾಲೆಗೆ ಹೋದ. ಗಿಡ ನೆಡಿಸಿ ಬರಲು ಸಂಜೆಯಾಗುತ್ತದೆಂದು ಅಪ್ಪನಿಗೆ ಗೊತ್ತಿತ್ತು. ಅವನು ಹೋದದ್ದೇ ತಡ, ಬಾಡಿಗೆಯ ಟೆಂಪೋ ತರಿಸಿ ಟ್ರ್ಯಾಕ್ಟರನ್ನು ಹಲಗೆಯ ಮೇಲೆ ಹತ್ತಿಸಿ ಹಗ್ಗ ಬಿಗಿದ. ಎಲ್ಲಿಗೆ ಎಂದು ಕೇಳಿದೆ. ಹರಿಹರಕ್ಕೆ ಎಂದ. ನಾನೂ ಬರುತ್ತೇನೆ ಎಂದು ಹಟ ಹಿಡಿದು ಮುಂದಿನ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಅಪ್ಪ ಹಿಂದೆ ತಿರುಗಿ ಆ ಗಾಡಿಯನ್ನು ನೋಡುತ್ತಿದ್ದ, ಅದು ಹಗ್ಗ ಬಿಚ್ಚಿಕೊಂಡು ಓಡಿಹೋಗುವ ಕಳ್ಳನೇನೋ ಎನ್ನುವ ಹಾಗೆ.

ಹರಿಹರದ ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ಖಲೀಲ್ ಸಾಬರ ಲೇತ್ ಅಂಗಡಿ. ಕಾರ್ಖಾನೆಯ ಸಾಮಾನು ಬಲ್ಲವರು ಎಂದು ಯಾರೋ ಹೇಳಿ ಅಪ್ಪ ಅಲ್ಲಿಗೆ ಬಂದಿದ್ದ. ಸಾಬರು ಕೂಡ್ರಿ ಎಂದು ನನಗೆ ಸ್ಟೂಲು ಹಾಕಿಸಿ, ಚಹಾ ತರಿಸಿದರು. ಬಿಸಿ ಕಬ್ಬಿಣದ ಮೇಲೆ ಎಣ್ಣೆ ಸುಟ್ಟ ವಾಸನೆ, ನೆಲದ ತುಂಬ ಸುರುಳಿ ಸುರುಳಿ ಲೋಹದ ಸಿಪ್ಪೆ. ಅಪ್ಪ ರೋಗ ಹೇಳಲಿಲ್ಲ, ಅಪರಾಧ ಹೇಳಿದ. ಇದರಲ್ಲಿ ಯಾರೋ ಕೈ ಆಡಿಸಿದ್ದಾರೆ, ಎಲ್ಲಿ ಅಂತ ಹುಡುಕಿಕೊಡಿ ಎಂದ.

ಸಾಬರು ಗಾಡಿಯನ್ನು ಎತ್ತಿ ಕೆಳಗೆ ಸರಿದರು. ಪೆಡಲನ್ನು ಅಪ್ಪನ ಕೈಯಿಂದಲೇ ಒತ್ತಿಸುತ್ತಾ ಸರಳನ್ನು ನೋಡಿದರು. ಆಮೇಲೆ ಒಂದೊಂದಾಗಿ ಬಿಚ್ಚಿ ಒಂದು ತಗಡಿನ ಮೇಲೆ ಇಟ್ಟರು. ಪೆಡಲ್ ತಿರುಗುವ ಪಿನ್ನು ನಡುವೆ ಸವೆದು ಕಬ್ಬಿನ ಎರಡು ಗಿಣ್ಣುಗಳ ನಡುವಿನ ಹಾಗೆ ತೆಳ್ಳಗಾಗಿತ್ತು. ಅದು ಕೂರುವ ದುಂಡನೆಯ ತೂತು ಮೊಟ್ಟೆಯ ಆಕಾರಕ್ಕೆ ಹೋಗಿತ್ತು. ಸರಳಿನ ತುದಿಯ ಗುಂಡುಕೀಲು ಹಲ್ಲು ಅಲುಗಿದಂತೆ ಅಲುಗುತ್ತಿತ್ತು. ಸುತ್ತ ತುಕ್ಕು ಹಿಡಿದು ಬಿಗಿ ಬೇರೆ. ಪೆಡಲ್ ಒತ್ತಿದರೆ ಮೊದಲರ್ಧ ಈ ಸಡಿಲದಲ್ಲೇ ಕಳೆದುಹೋಗುತ್ತಿತ್ತು. ಆಮೇಲೆ ತುಕ್ಕಿನಲ್ಲಿ ಸಿಕ್ಕಿಕೊಂಡ ಸರಳು ಒಮ್ಮೆಗೇ ಬಿಟ್ಟುಕೊಂಡು ಗೇರನ್ನು ತಳ್ಳುತ್ತಿತ್ತು. ನೆಗೆತ ಅದೇ.

ಯಾರಾದರೂ ಬೇಕಂತಲೇ ಮಾಡಿದ್ದಾ ಎಂದು ಅಪ್ಪ ಕೇಳಿದ. ಸಾಬರು ಪಿನ್ನನ್ನು ಅಪ್ಪನ ಅಂಗೈಗೆ ಇಟ್ಟರು.

"ಹಿಂಗ ಸವೀಬೇಕಂದ್ರೆ ವರ್ಷಗಟ್ಲೆ ಬೇಕ್ರಿ. ಮನುಷ್ಯನ ಕೈಯಿಂದ ಆಗೋದಲ್ಲ ಇದು."

ಹಾಗಾದರೆ ಒಬ್ಬನಿಗೆ ಮಾತ್ರ ಹೇಗೆ ಸರಿಯಾಗಿ ಓಡುತ್ತದೆ ಎಂದು ಅಪ್ಪ ಬಿಡಲಿಲ್ಲ. ಅದು ನನಗೆ ಗೊತ್ತಿಲ್ಲ ಎಂದರು ಸಾಬರು. ಓಡಿಸುವವನು ಯಾರು ಎಂದು ಕೇಳಿದರು. ಅಪ್ಪ ಹೆಸರು ಹೇಳಿದ. ಸಾಬರ ಮುಖ ಅರಳಿತು. ಪರಮೇಶಿಯಾ, ಬಾಳ ಹಳೇ ದೋಸ್ತ್, ಮೊನ್ನೆ ನಮ್ಮ ಮಗಳ ನಿಶ್ಚಿತಾರ್ಥಕ್ಕೂ ಬಂದಿದ್ದ, ಊಟ ಮಾಡದೆ ಓಡಿದ, ಅಕ್ಕ ಬಿದ್ದಾಳೆ ಅಂತ ಯಾರದೋ ಮೊಬೈಲಿಗೆ ಫೋನ್ ಬಂತಂತೆ ಎಂದರು.

ಅಪ್ಪ ಚಹಾದ ಲೋಟ ಕೆಳಗಿಟ್ಟ. ನಾನು ಖುಷಿಪಟ್ಟೆ, ಮಾಮ ಹೇಳಿದ್ದು ನಿಜವಾಯಿತಲ್ಲ ಎಂದು. ಅಪ್ಪನಿಗೆ ಬೇರೆಯೇ ಹೊಳೆಯಿತು. ಕೆಲಸ ನಡೆಯುವಾಗ ಹೊಳೆಯ ದಂಡೆಗೆ ನನ್ನನ್ನು ಕರೆದುಕೊಂಡು ಹೋದವನು, ತುಂಗಭದ್ರೆಯ ಕೆಂಪು ನೀರು ನೋಡುತ್ತಾ, ಇಬ್ಬರೂ ಒಂದೇ ಊರಿನವರು, ಒಬ್ಬರನ್ನೊಬ್ಬರು ಬಿಟ್ಟುಕೊಡ್ತಾರಾ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆ ಮಾತಿನಿಂದ ನನ್ನ ಖುಷಿಯೂ ಹೋಯಿತು. ಹಿಂತಿರುಗಿದಾಗ ನಾನು ಸಾಬರ ಕೈಗಳನ್ನೂ ನೋಡತೊಡಗಿದೆ.

ಆ ಕೈಗಳು ಬೆಸುಗೆ ಹಾಕಿ ಹಳೆಯ ತೂತನ್ನು ಮುಚ್ಚಿದವು, ಹೊಸದಾಗಿ ಕೊರೆದವು, ಅದರೊಳಗೆ ಹಳದಿಯಾಗಿ ಹೊಳೆಯುವ, ಬಳೆಯಂಥ ಕಂಚಿನ ಬುಷ್ಷೊಂದನ್ನು ತಿರುವಿ ಕೂರಿಸಿದವು. ಹೊಸ ಪಿನ್ನು, ಹೊಸ ಗುಂಡುಕೀಲು, ಪೆಡಲನ್ನು ನಡುವಿಗೆ ಎಳೆದು ತರುವ ಹೊಸ ಸ್ಪ್ರಿಂಗು. ಕೊನೆಗೆ ಪೆಡಲ್ ಬಿಟ್ಟರೆ ಗಾಡಿ ನಿಂತಲ್ಲೇ ನಿಲ್ಲುವಂತೆ ಸರಳಿನ ಉದ್ದವನ್ನು ತಿರುಪಿನಿಂದ ಹೊಂದಿಸಿದರು. ಅಪ್ಪ ಹತ್ತಿ ಕಾಲಿಟ್ಟ. ಅದು ಹೆದರಿಸದೆ ಹೊರಟಿತು. ಓಣಿಯ ತುದಿಯವರೆಗೆ ಹೋಗಿ ಬಂದ. ಮತ್ತೆ ಹೋದ. ಅವನ ಮುಖದಲ್ಲಿ ಒಂದು ನಗು ಬರುತ್ತಿತ್ತು, ಅಷ್ಟರಲ್ಲೇ ಏನೋ ನೆನಪಾಗಿ ಹೋಗುತ್ತಿತ್ತು.

ಸಂಜೆ ಮಾಮ ಬರುವ ಮೊದಲೇ ಗಾಡಿ ಹೊಂಗೆ ಮರದ ಕೆಳಗೆ ತನ್ನ ಜಾಗದಲ್ಲಿ ನಿಂತಿತ್ತು. ಯಾರೂ ಏನೂ ಹೇಳಬಾರದೆಂದು ಅಪ್ಪ ತಾಕೀತು ಮಾಡಿದ. ನಾಳೆ ಅವನು ಹತ್ತಲಿ ಎಂದ. ಏನಾಗಬಹುದೆಂದು ಅಪ್ಪ ಎಣಿಸಿದ್ದನೋ ಗೊತ್ತಿಲ್ಲ. ಮಾಮ ಮೊದಲೇ ತಿಳಿದವನ ಹಾಗೆ ಬಗ್ಗಿ ಕೆಳಗೆ ನೋಡಬಹುದು, ಯಾವುದೋ ತಿರುಪಿಗೆ ಕೈ ಹಾಕಬಹುದು ಎಂದಿರಬೇಕು.

ಮರುದಿನ ಅಪ್ಪ ಅವ್ವನನ್ನೂ ತೋಟಕ್ಕೆ ಕರೆತಂದ. ಟ್ರಾಲಿಗೆ ಖಾಲಿ ಗೋಣಿಚೀಲ ಹೇರಿಸಿದ. ಸ್ಕೂಲಿಗೆ ಹೊತ್ತಾಗಿದ್ದರೂ ನಾನು ಚೀಲ ಬೆನ್ನಿಗೆ ಹಾಕಿಕೊಂಡು ನಿಂತೇ ಇದ್ದೆ. ಮಾಮ ಎಂದಿನಂತೆ ಬಂದು, ಎಲ್ಲೂ ಬಗ್ಗದೆ, ಏನನ್ನೂ ಮುಟ್ಟದೆ ಹತ್ತಿದ. ಗಾಡಿ ಶುರು ಮಾಡಿ ಎಂದಿನಂತೆ ಕಾಲೊತ್ತಿದ.

ಗಾಡಿ ನೆಗೆಯಿತು. ಟ್ರಾಲಿ ಓರೆಯಾಗಿ ಚೆಂಡುಹೂವಿನ ಸಾಲಿಗೆ ನುಗ್ಗಿತು. ಮಾಮ ಗಾಬರಿಯಿಂದ ಕಾಲೆತ್ತಿದ, ಅದು ಗಕ್ಕನೆ ನಿಂತಿತು, ಅವನ ಎದೆ ಸ್ಟಿಯರಿಂಗಿಗೆ ಬಡಿಯಿತು. ಮತ್ತೆ ಒತ್ತಿದ, ಮತ್ತೆ ನೆಗೆಯಿತು. ಹಿಮ್ಮಡಿ ಒತ್ತಿದರೆ ಹಿಂದಕ್ಕೆ ಎಗರಿತು. ಅಪ್ಪ ಅದೇ ಗಾಡಿಯನ್ನು ಓಣಿಯಲ್ಲಿ ಹೂವಿನಂತೆ ಓಡಿಸಿದ್ದನ್ನು ನಾನು ಕಂಡಿದ್ದೆ. ಈಗ ವರ್ಷಗಟ್ಟಲೆ ಅದನ್ನು ಓಡಿಸಿದವನ ಕೆಳಗೆ ಅದು ಕುಣಿಯುತ್ತಿತ್ತು. ಹನುಮಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಬೇರೆ ಯಾರೂ ನಗಲಿಲ್ಲ.

ಅಪ್ಪನಿಗೆ ಅರ್ಥವಾಯಿತು. ನನಗೆ ಅದು ಅರ್ಥವಾದದ್ದು ಮುಂದೆ, ದೊಡ್ಡವಳಾದ ಮೇಲೆ. ಗಾಡಿ ಸ್ವಲ್ಪ ಸ್ವಲ್ಪವೇ ಸವೆಯುತ್ತಾ ಹೋದಾಗ ಮಾಮನ ಕಾಲು ಸ್ವಲ್ಪ ಸ್ವಲ್ಪವೇ ಅದಕ್ಕೆ ಹೊಂದಿಕೊಂಡಿತ್ತು. ಸಡಿಲವಿದ್ದಷ್ಟು ದೂರ ಸರ್ರನೆ ಒತ್ತಿ, ಸರಳು ಹಿಡಿಯುವ ಹೊತ್ತಿಗೆ ಹಿಮ್ಮಡಿಯಿಂದ ಸಣ್ಣಗೆ ತಡೆಯುವುದು ಅವನ ಕಾಲಿಗೆ ಉಸಿರಾಟದಷ್ಟು ಸಹಜವಾಗಿತ್ತು. ಹಾಗೆ ಮಾಡುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಗಾಡಿ ಚೆನ್ನಾಗಿದೆ, ಬೇರೆಯವರಿಗೆ ಓಡಿಸಲು ಬರುವುದಿಲ್ಲ ಎಂದೇ ಅವನು ನಿಜವಾಗಿಯೂ ನಂಬಿದ್ದ. ಸಡಿಲವೇ ಇಲ್ಲದ ಗಾಡಿ ಹೇಗಿರುತ್ತದೆಂದು ಅವನ ಕಾಲು ಮರೆತೇಬಿಟ್ಟಿತ್ತು. ಒಳಗೆ ಏನೋ ಮಾಡಿಟ್ಟವನಾಗಿದ್ದರೆ ಹತ್ತುವ ಮೊದಲು ಅಲ್ಲಿಗೆ ಕೈ ಹಾಕುತ್ತಿದ್ದ, ಬದಲಾದದ್ದು ಗೊತ್ತಾಗುತ್ತಿತ್ತು, ಗಾಡಿ ಹಾಗೆ ನೆಗೆಯುತ್ತಿರಲಿಲ್ಲ.

ಮಾಮ ಇಂಜಿನ್ ಆರಿಸಿ ಕೆಳಗಿಳಿದ. ಯಾರು ಮುಟ್ಟಿದರು ಇದನ್ನು ಎಂದು ಕೇಳಿದ. ಮಂಡಿಯೂರಿ ಕೆಳಗೆ ನೋಡಿದ. ಹೊಸ ಬೆಸುಗೆ, ಹೊಳೆಯುವ ಕಂಚು. ಬೆರಳಿಂದ ಮುಟ್ಟಿದ. ಆಮೇಲೆ ಎದ್ದು ಕೈ ಒರೆಸಿಕೊಂಡ.

"ಯಾವಾಗ ಒಯ್ದಿದ್ರಿ ಭಾವ?"

ಅಪ್ಪ ನಿನ್ನೆ ಎಂದ. ನನ್ನನ್ನು ಕೇಳಿದ್ದರೆ ನಾನೂ ಬರುತ್ತಿದ್ದೆನಲ್ಲ ಎಂದ ಮಾಮ. ಅದರಲ್ಲಿ ಸಿಟ್ಟಿರಲಿಲ್ಲ. ಅಪ್ಪ ಏನೋ ಹೇಳಲು ಬಾಯಿ ತೆರೆದ, ಆದರೆ ಬಂದ ಮಾತು ಚೆಂಡುಹೂವಿನ ಸಾಲು ಹಾಳಾಯಿತು ಎನ್ನುವುದು. ಮಾಮ ಹೌದು ಎಂದು ಬಿದ್ದ ಗಿಡಗಳನ್ನು ಎತ್ತತೊಡಗಿದ. ಅವ್ವ ಹತ್ತಿರ ಹೋಗಿ ಎಡಗೈಯಿಂದ ಅವನ ಭುಜ ಮುಟ್ಟಿದಳು. ಅವನು ತಲೆಯೆತ್ತದೆ ಹೇಳಿದ:

"ಅವರು ಅನ್ಕೊಂಡಿದ್ದಕ್ಕೆ ನಂಗೇನೂ ಇಲ್ಲಕ್ಕಾ. ನೀ ಕೇಳಿದ್ಯಲ್ಲ."

ಜಗಳವಾಗಲಿಲ್ಲ. ಅವ್ವನ ಪ್ಲಾಸ್ಟರು ತೆಗೆಯುವವರೆಗೂ ಅವನು ರೊಟ್ಟಿ ಬಡಿದ, ನನ್ನ ಜಡೆ ಹಾಕಿದ. ಹೊಸ ಪೆಡಲಿಗೆ ಅವನ ಕಾಲು ಬೇಗ ಒಗ್ಗಿತು. ಅಪ್ಪ ಅವನನ್ನು ಮೊದಲಿಗಿಂತ ಹೆಚ್ಚು ಕೇಳಿ ಕೇಳಿ ಕೆಲಸ ಮಾಡಿಸುತ್ತಿದ್ದ. ಅಜ್ಜಿ ಒಮ್ಮೆ ಅವನಿಗೆಂದೇ ಹೋಳಿಗೆ ಮಾಡಿಸಿದಳು. ಅವ್ವನ ಕೈ ಕೂಡಿಕೊಂಡು ಅವಳು ಮತ್ತೆ ಒಲೆಯ ಮುಂದೆ ನಿಂತ ವಾರವೇ, ಹರಿಹರದ ಒಂದು ಶಾಲೆಯಲ್ಲಿ ತೋಟದ ಕೆಲಸ ಸಿಕ್ಕಿದೆ, ಅಲ್ಲೇ ಒಂದು ಕೋಣೆ ಹಿಡಿದಿದ್ದೇನೆ ಎಂದು ಹೇಳಿದ. ಟ್ರಂಕು, ಸಾಮಾನು ಪೆಟ್ಟಿಗೆ ಆಟೋದಲ್ಲಿ ಇಟ್ಟುಕೊಂಡ. ಆ ಪೆಟ್ಟಿಗೆಗೆ ಯಾಕೆ ಬೀಗ ಹಾಕುತ್ತಿದ್ದನೋ, ಒಳಗೆ ಏನಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ.

ಗಾಡಿ ಆಮೇಲೂ ಹಲವು ವರ್ಷ ಓಡಿತು. ಯಾರು ಕೂತರೂ ಓಡುತ್ತಿತ್ತು. ಹನುಮಕ್ಕನೂ ಕಲಿತಳು. ಅಪ್ಪ ಮಾತ್ರ ಟ್ರಾಲಿಯಲ್ಲಿ ಮನುಷ್ಯರು ನಿಂತಿದ್ದರೆ ಹತ್ತುತ್ತಿರಲಿಲ್ಲ. ಪ್ರತಿ ಯುಗಾದಿಗೆ ತಾನೇ ಹರಿಹರಕ್ಕೆ ಹೋಗಿ ಮಾಮನನ್ನು ಕರೆಯುತ್ತಿದ್ದ. ಹೇಳಬೇಕಾದದ್ದನ್ನು ಹೇಳಿದನೋ ಇಲ್ಲವೋ ತಿಳಿಯದು. ಹೇಳಿರಲಾರ ಎಂದೇ ನನ್ನ ಅಂದಾಜು. ಆ ತಲೆಮಾರಿನವರು ಕ್ಷಮೆಯನ್ನು ಮಾವಿನಹಣ್ಣಿನ ಬುಟ್ಟಿಯಲ್ಲಿ ಕಳಿಸುತ್ತಿದ್ದರು.

ಕಳೆದ ವರ್ಷ ಒಂದು ಮಧ್ಯಾಹ್ನ ಅವ್ವನನ್ನು ಕೇಳಿದೆ, ನಿನಗೆ ನಿಜವಾಗಿಯೂ ಮಾಮನ ಮೇಲೆ ಅನುಮಾನ ಇತ್ತಾ ಎಂದು. ಅವಳು ಅಕ್ಕಿ ಆರಿಸುತ್ತಿದ್ದಳು. ಮಳೆ ಬರುವ ದಿನಗಳಲ್ಲಿ ಈಗಲೂ ನೋಯುವ ಆ ಮುಂಗೈಯನ್ನು ಮೊರದ ಅಂಚಿಗೆ ಒರಗಿಸಿದಳು.

"ಇರ್ಲಿಲ್ಲ. ಇಲ್ಲ ಅಂತ ಅವನ ಬಾಯಾಗೆ ಒಂದ್ಸಲ ಕೇಳಬೇಕು ಅನ್ಸಿತ್ತು, ಅಷ್ಟೆ."

ಮಾಮನಿಗೆ ಈಗ ತಲೆ ಪೂರ್ತಿ ನರೆತಿದೆ. ಹಬ್ಬಕ್ಕೆ ಬರುತ್ತಾನೆ, ನನ್ನ ಮಗಳಿಗೆ ಪೇರಲೆ ತರುತ್ತಾನೆ, ಅಪ್ಪನ ಪಕ್ಕ ಕೂತು ಮಳೆ ಬೆಳೆ ಮಾತಾಡುತ್ತಾನೆ. ಯಾರಾದರೂ ನೋಡಿದರೆ ಈ ಮನೆಯಲ್ಲಿ ಏನೋ ಕಳೆದಿದೆ ಎಂದು ಅನಿಸುವುದೇ ಇಲ್ಲ. ನಮ್ಮ ಮನೆಯ ಬಾಗಿಲು ಹಗಲು ಹೊತ್ತಿನಲ್ಲಿ ಯಾವಾಗಲೂ ತೆರೆದೇ ಇರುತ್ತದೆ. ಮಾಮ ಬಂದು, ಚಪ್ಪಲಿ ಹೊರಗೆ ಬಿಟ್ಟು, "ಅಕ್ಕಾ" ಎಂದು ಕರೆಯುತ್ತಾನೆ. ಅವ್ವ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು "ಬಾ" ಅನ್ನುವವರೆಗೂ ಹೊಸ್ತಿಲಾಚೆಯೇ ನಿಂತಿರುತ್ತಾನೆ.